ತಣ್ಣೀರಿನ ಪರೀಕ್ಷೆ

ಸೊಹಾರ್ ಬಂದರಿನ ಏಳನೆಯ ಶೆಡ್ಡು, ಆಗಸ್ಟು.
ಕಂಟೇನರಿನ ಚಿಲಕಕ್ಕೆ ಚಿಂದಿ ಸುತ್ತಿಯೇ ಕೈ ಹಾಕಬೇಕು.
ಒಳಗೆ ಎಂಟುನೂರು ಚೀಲ, ಇಪ್ಪತ್ತೈದು ಕಿಲೋದವು.
ಒಂದನ್ನು ಕೊಯ್ದರೆ ಬಿಳುಪು, ಇನ್ನೊಂದನ್ನು ಕೊಯ್ದರೂ ಅದೇ ಬಿಳುಪು.
ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂದು ಶಾಲೆಯಲ್ಲಿ ಕಲಿಸಿದವರು
ಬೆಳ್ಳಗಿದ್ದದ್ದೆಲ್ಲ ಹಿಟ್ಟೂ ಅಲ್ಲ ಎಂದು ಹೇಳಿರಲಿಲ್ಲ.

ಕಾಗದದಲ್ಲಿ ನಾನೇ ತುಂಬಿಸಿದ್ದು: ಮೆಕ್ಕೆಜೋಳದ ಪಿಷ್ಟ,
ಹನ್ನೊಂದು, ಸೊನ್ನೆ ಎಂಟು, ಹನ್ನೆರಡು.
ಧಾರ್ಸಿಭಾಯಿ ಕ್ಯಾಲ್ಕುಲೇಟರಿನಿಂದ ತಲೆಯೆತ್ತದೆ ಹೇಳಿದ್ದರು:
"ಗಂಜಿ ಅಂದರೆ ಗಂಜಿ. ಬರಿ."

ಗಂಜಿ ಅಂದರೆ ಗಂಜಿ ಅಲ್ಲ, ಧಾರ್ಸಿಭಾಯಿ.
ನಮ್ಮಲ್ಲಿ ಜ್ವರಕ್ಕೆ ಕುಡಿಸುವುದೂ ಗಂಜಿಯೇ,
ಮದುವೆಯ ಅಂಗಿಯನ್ನು ಖಡಕ್ಕಾಗಿ ನಿಲ್ಲಿಸುವುದೂ ಗಂಜಿಯೇ;
ಸುಂಕದ ಪುಸ್ತಕಕ್ಕೆ ಅಷ್ಟು ಉದಾರ ನಾಲಿಗೆಯಿಲ್ಲ.
ಬೀಸಿದ್ದಕ್ಕೆ ಒಂದು ಮನೆ, ತೊಳೆದು ತಳಕ್ಕಿಳಿಸಿದ್ದಕ್ಕೆ ಬೇರೆ ಮನೆ,
ಮರಗೆಣಸಿನಿಂದ ಬಂದೂ ಅಕ್ಕಿಯೆನಿಸಿಕೊಂಡ ಸಾಬಕ್ಕಿಗೆ
ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಬಿಡಾರ.
ಹುರಿದದ್ದೋ, ಆಮ್ಲ ತಾಗಿಸಿದ್ದೋ, ಬೇಯಿಸಿ ಒಣಗಿಸಿದ್ದೋ
ಗಿರಣಿಯ ನೆಂಟಸ್ತಿಕೆ ಬಿಟ್ಟು ಮೂವತ್ತೈದಕ್ಕೆ ಹೋಗಬೇಕು,
ಅಂಟು ಗೋಂದುಗಳ ಓಣಿಗೆ.

ಇನ್‌ಸ್ಪೆಕ್ಟರ್ ಮೌಜಾ ಅಲ್ ಬಲೂಶಿ,
ಹೆಬ್ಬೆರಳಲ್ಲಿ ಯಾರದೋ ಮದುವೆಯ ಮಾಸಿದ ಮದರಂಗಿ.
ಮಸ್ಕತ್ತಿನ ಲ್ಯಾಬಿಗೆ ಕಳಿಸಿದರೆ ಹತ್ತು ದಿನ,
ದಿನಕ್ಕಿಷ್ಟೆಂದು ಏರುವ ಬಂದರಿನ ಬಾಡಿಗೆ.
ಅವಳು ಅಯೋಡಿನ್ ಸೀಸೆಯನ್ನೂ ಮುಟ್ಟಲಿಲ್ಲ,
ಚಹಾದ ಪುಟ್ಟ ಲೋಟ ತೊಳೆದು, ಕೂಲರಿನ ನೀರು ಹಿಡಿದು,
ಎರಡು ಚಮಚ ಹುಡಿ ಹಾಕಿ ಕಲಕಿ
ನನ್ನೆದುರು ಇಟ್ಟಳು. "ನೋಡುತ್ತಿರು."

ನೋಡುತ್ತ ನಿಂತೆ. ಈ ಕಾಯುವಿಕೆ ನನಗೆ ಹಳೆಯದು.
ವಿಟ್ಲದ ಹಿತ್ತಿಲಲ್ಲಿ ಉಮ್ಮ ಕೂವೆಗೆಡ್ಡೆಯನ್ನು
ಒರಟು ಕಲ್ಲಿಗೆ ಉಜ್ಜಿ, ಹಳೆಯ ಮುಂಡಿನಲ್ಲಿ ಸೋಸಿ,
ಬೆಳಗಾಗುವವರೆಗೆ ಯಾರೂ ಪಾತ್ರೆ ಮುಟ್ಟಬೇಡಿ ಎನ್ನುತ್ತಿದ್ದಳು.
ಬೆಳಿಗ್ಗೆ ಮೇಲೆ ಕಂದು ನೀರು, ಕೆಳಗೆ ಹೆಂಚಿನಷ್ಟು ಗಟ್ಟಿ ಬಿಳಿ.
ಮೇಲಿನದು ಚೆಲ್ಲು, ಹೊಸ ನೀರು ಹೊಯ್ಯಿ, ಮತ್ತೆ ಕಾಯಿ,
ಏಳು ನೀರು.
ಕಹಿ ಹೋಗುವುದು ಏಳನೆಯದರಲ್ಲಿ.
ಮಗಳು ಇಲ್ಲಿ ಹುಟ್ಟಿದಾಗ ಭಾವ ತಂದ ಅದೇ ಹುಡಿ
ವಿಮಾನ ನಿಲ್ದಾಣದ ಮೇಜಿನ ಮೇಲೆ ಮೂರು ಗಂಟೆ ಕೂತಿತ್ತು,
ಎದುರಿಗೆ ಭಾವ, ಬೆವರುತ್ತ, "ಬೇಬಿ, ಬೇಬಿ" ಎನ್ನುತ್ತ,
ಇಲ್ಲದ ತೊಟ್ಟಿಲನ್ನು ಎರಡೂ ಕೈಯಲ್ಲಿ ತೂಗುತ್ತ.

ಕೂವೆಯಾಗಿದ್ದರೆ ಈಗ ತಳ ಹಿಡಿಯಬೇಕಿತ್ತು.
ಮೆಕ್ಕೆಜೋಳದ್ದಾದರೂ ಅಷ್ಟೆ; ತಣ್ಣೀರಿಗೆ ಅದು ಬಾಯಿ ಬಿಡುವುದಿಲ್ಲ,
ಬೆಂಕಿಯೇ ಬಂದು ಕೇಳಬೇಕು.
ಇದು ಬಿಟ್ಟಿತು.
ಮೊದಲು ಉಂಡೆ ಉಂಡೆ, ಆಮೇಲೆ ಲೋಟ ಪೂರ್ತಿ ಲೋಳೆ,
ಚಮಚ ನಡುವೆ ನೆಟ್ಟಗೆ ನಿಂತಿತು.
ಯಾವುದೋ ಊರಿನ ಬಿಸಿ ಉರುಳೆಯ ಮೇಲೆ ಒಮ್ಮೆ ಬೆಂದು,
ಒಣಗಿ, ಪುಡಿಯಾಗಿ,
ಬೇಯದವರ ಹಾಗೆ ಬಂದು ಕೂತಿದೆ.

ಮೌಜಾ ಏನೂ ಕೇಳಲಿಲ್ಲ. ಪೆನ್ನು ನನ್ನತ್ತ ತಳ್ಳಿದಳು.
ಒಳ್ಳೆಯ ಪಿಷ್ಟ ಬೆರಳ ನಡುವೆ ಹಿಸುಕಿದರೆ ಕಿರುಗುಟ್ಟುತ್ತದೆ,
ಮಾದರಿ ಪೊಟ್ಟಣ ಆಫೀಸಿಗೆ ಬಂದ ದಿನ ನಾನು ಹಿಸುಕಿ ನೋಡಿದ್ದೆ.
ಕಿರುಗುಟ್ಟಿರಲಿಲ್ಲ.
ಅದನ್ನು ಎಲ್ಲಿಯೂ ಬರೆದಿರಲಿಲ್ಲ.

ತಿದ್ದುಪಡಿಯ ಹಾಳೆ: ಮೂವತ್ತೈದು, ಸೊನ್ನೆ ಐದು, ಹತ್ತು.
ಕೆಳಗೆ ಹೆಸರು, ಸಹಿ, ಕಾರ್ಡಿನ ನಂಬರು, ಉದ್ಯೋಗ.
ಕಾರ್ಡಿನ ಪ್ರಕಾರ ನಾನು ಟೈಲರ್,
ಹನ್ನೊಂದು ವರ್ಷದಿಂದ; ಆಗ ಸಿಕ್ಕಿದ್ದು ಅದೊಂದೇ ವೀಸಾ.
ಬಿದ್ದ ಗುಂಡಿ ಹೊಲಿಯಲೂ ಹೆಂಡತಿಯನ್ನು ಕರೆಯುವ ಟೈಲರ್.
ಅವಳು ಕಾರ್ಡು ಓದಿದಳು. ನನ್ನನ್ನು ನೋಡಿದಳು.
ಲೋಟವನ್ನೆತ್ತಿಕೊಂಡು ಸಿಂಕಿಗೆ ಹೋದಳು.

ಅದು ಸುಲಭಕ್ಕೆ ಬಿಡುವ ಜಾತಿಯಲ್ಲ.
ಅವಳು ಹೆಬ್ಬೆರಳಿನಿಂದ ತಿಕ್ಕುತ್ತಲೇ ಇದ್ದಳು,
ನನ್ನ ಕಿಸೆಯಲ್ಲಿ ಧಾರ್ಸಿಭಾಯಿಯ ಫೋನು
ನಡುಗುತ್ತಲೇ ಇತ್ತು.